ನೋವಿನ ಮಾತ್ರೆ: ಪಾಠ ಬಿಟ್ಟ ಅರ್ಧ

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಹೊಲಗಳಲ್ಲಿ ದುಡಿದವರು ಮೈಕೈ ನೋವಿಗೆ ಡೈಕ್ಲೋಫೆನಾಕ್ ಮಾತ್ರೆ ನುಂಗುವುದನ್ನು ನೀವು ಕಂಡಿರುತ್ತೀರಿ. ಅದು ಹೇಗೆ ಕೆಲಸ ಮಾಡುತ್ತದೆ? 'ಪ್ರೊಸ್ಟಾಗ್ಲಾಂಡಿನ್ ತಯಾರಿಕೆಯನ್ನು ತಡೆಯುತ್ತದೆ' ಎಂಬಲ್ಲಿಗೆ ನಮ್ಮ ಪಾಠ ಮುಗಿಯುತ್ತದೆ. ಆಸ್ಪಿರಿನ್ ಕುರಿತು ಜಾನ್ ವೇನ್ 1971ರಲ್ಲಿ ತೋರಿಸಿದ ಈ ಸಂಗತಿ ನಿಜ, ಆದರೆ ಅರ್ಧ. ನೋವು ಮಿದುಳಿಗೆ ಸಾಗುವುದು ವಿದ್ಯುತ್ ಸಂಕೇತವಾಗಿ. ನರಕೋಶದ ಪೊರೆಯಲ್ಲಿರುವ ಸೋಡಿಯಂ ಅಯಾನು ನಾಲೆಗಳು ಸುಲಭವಾಗಿ ತೆರೆಯುವಂತೆ ಪ್ರೊಸ್ಟಾಗ್ಲಾಂಡಿನ್ ಮಾಡುತ್ತದೆ. ಊದಿದ ಕೀಲು ಮುಟ್ಟಿದರೂ ನೋಯಲು ಇದೊಂದು ಕಾರಣ.

ಇದಲ್ಲದೆ, ಉರಿಯೂತದ ಆಮ್ಲಕ್ಕೆ ತೆರೆದುಕೊಳ್ಳುವ ನಾಲೆಗಳನ್ನು ಈ ಔಷಧಗಳು ನೇರವಾಗಿಯೇ ತಡೆಯುತ್ತವೆಂದು 2001ರಲ್ಲಿ, ಡೈಕ್ಲೋಫೆನಾಕ್ ಪೊಟ್ಯಾಸಿಯಂ ನಾಲೆಗಳನ್ನು ತೆರೆದು ನರಕೋಶವನ್ನು ಶಾಂತಗೊಳಿಸುತ್ತದೆಂದು 2005ರಲ್ಲಿ ಪ್ರಯೋಗಗಳು ತೋರಿಸಿದವು. ಹಾಗೆಂದು ಇದೇ ಮಾತ್ರೆಯ ಗುಟ್ಟು ಎಂದು ಸಾರುವುದೂ ತಪ್ಪೇ. ಪ್ರಯೋಗದಲ್ಲಿ ಪರಿಣಾಮ ಕಂಡದ್ದು ಕೆಲವು ಮೈಕ್ರೊಮೋಲಾರ್‌ನಿಂದ ನೂರಾರು ಮೈಕ್ರೊಮೋಲಾರ್‌ವರೆಗಿನ ಸಾಂದ್ರತೆಯಲ್ಲಿ. ರಕ್ತದಲ್ಲಾದರೋ ಡೈಕ್ಲೋಫೆನಾಕಿನ ಶೇ. 99ಕ್ಕೂ ಹೆಚ್ಚು ಭಾಗ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಮುಕ್ತವಾಗಿ ಉಳಿಯುವುದು ತೀರ ಅಲ್ಪ.

ಈ ಲೆಕ್ಕ ನಮಗೇಕೆ? ಜಠರದ ಒಳಪದರವನ್ನು ಕಾಯುವುದೂ ಪ್ರೊಸ್ಟಾಗ್ಲಾಂಡಿನ್ನೇ. ಅದನ್ನು ಮುಟ್ಟದೆ ನಾಲೆಗಳನ್ನಷ್ಟೇ ನಿಯಂತ್ರಿಸುವ ಮದ್ದು ದೊರೆತರೆ, ದಿನವೂ ಮಾತ್ರೆ ನುಂಗುವ ಕೂಲಿಕಾರರ ಹೊಟ್ಟೆಹುಣ್ಣು ಕಡಿಮೆಯಾದೀತು. ತರಗತಿಯಲ್ಲಿ ಎರಡೂ ಅರ್ಧಗಳನ್ನು ಹೇಳಿ. ಸಾಂದ್ರತೆಯ ಪ್ರಶ್ನೆಯನ್ನೂ ಕೇಳಿ.