ಶರಣರ ಸಸ್ಯಾಹಾರ: ಅಂಬಲಿಯ ಅಳತೆಗೋಲು

ವಚನಗಳ ಆಹಾರವಿಚಾರವನ್ನು ಕುರಿತು ಮಾತು ಬಂದಾಗಲೆಲ್ಲ ಎರಡೋ ಮೂರೋ ವಚನಗಳನ್ನು ಮುಂದಿಟ್ಟು ಚರ್ಚೆಯನ್ನು ಮುಗಿಸಿಬಿಡುವ ರೂಢಿ ಬೆಳೆದುಬಂದಿದೆ. ದಯೆಯನ್ನು ಕುರಿತ ಅಣ್ಣನವರ ಪ್ರಸಿದ್ಧ ವಚನ ಒಂದು, ಹಬ್ಬಕ್ಕೆ ತಂದ ಕುರಿಯನ್ನು ಕುರಿತದ್ದು ಇನ್ನೊಂದು. ಸಭೆಯ ಭಾಷಣದಲ್ಲಿ, ಪ್ರಸಾದನಿಲಯದ ಗೋಡೆಯ ಮೇಲೆ, ಅಡುಗೆ ಪುಸ್ತಕದ ಮುನ್ನುಡಿಯಲ್ಲಿ ಇವೇ ಕಾಣಿಸಿಕೊಳ್ಳುತ್ತವೆ. ‘ಶರಣರು ಸಸ್ಯಾಹಾರಿಗಳು’ ಎಂಬ ಮಾತಿಗೆ ಮುದ್ರೆಯೊತ್ತಿದಂತಾಗಿ ವಿಷಯ ಅಲ್ಲಿಗೆ ನಿಲ್ಲುತ್ತದೆ. ಆ ಮಾತು ಸುಳ್ಳಲ್ಲ. ಆದರೆ ಶರಣರು ಊಟವನ್ನು ಕುರಿತು ಹೇಳಿದುದರಲ್ಲಿ ಅದು ಅರ್ಧ ಮಾತ್ರ. ಉಳಿದರ್ಧವನ್ನು ಬಿಟ್ಟು ಓದಿದರೆ ದಯೆಯ ವಚನವೇ ಪಂಕ್ತಿಭೇದಕ್ಕೆ ಆಧಾರವಾಗುವ ಅಪಾಯವುಂಟು. ಹಾಗೆ ಆಗಿರುವುದೂ ಉಂಟು. 1923ರಲ್ಲಿ ಫ.ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ ಕಾಲದಲ್ಲಿ ಸಿಕ್ಕಷ್ಟನ್ನು ಓದುವುದು ಅನಿವಾರ್ಯವಾಗಿತ್ತು. ಸಮಗ್ರ ವಚನ ಸಂಪುಟಗಳು ಕೈಗೆ ಬಂದ ಮೇಲೆ ಆ ನೆವ ಉಳಿದಿಲ್ಲ.

ವಚನಗಳಲ್ಲಿ ಬರುವ ಅಡುಗೆಯ ಮಾತು ಪಾಕಶಾಸ್ತ್ರದ ಗ್ರಂಥದಿಂದ ಹುಟ್ಟಿದುದಲ್ಲ. ಒಕ್ಕಲುಮನೆಯ ಒಲೆಯ ಮುಂದೆ ಹುಟ್ಟಿದುದು. ಅಂಥ ಮನೆಯ ಊಟ ಎಂಥದೆಂಬುದನ್ನು ಮೊದಲು ಕಂಡುಕೊಳ್ಳದೆ ವಚನಾರ್ಥಕ್ಕೆ ಕೈಹಾಕುವುದು ಸರಿಯಲ್ಲ. ಗದಗ ತಾಲೂಕಿನ ಕೋಟುಮಚಗಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಊರು ಹಳೆಯದು. ಚಾಲುಕ್ಯ ಐದನೆಯ ವಿಕ್ರಮಾದಿತ್ಯನ ಕಾಲದ 1012ರ ಶಾಸನವೊಂದು ಇಲ್ಲಿ ದೊರೆತಿದ್ದು, ಅಂದಿನ ಅಗ್ರಹಾರದಲ್ಲಿ ವಿದ್ಯೆ ಕಲಿಸುವವರಿಗೆ ಭೂಮಿ ಬಿಟ್ಟುದನ್ನು ಅದು ತಿಳಿಸುತ್ತದೆ. ಸುತ್ತಲಿನದು ಎರೆಯ ಸೀಮೆ. ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ. ನಡುವೆ ಉಳ್ಳಾಗಡ್ಡಿ, ಮೆಣಸಿನಕಾಯಿ. ಈ ಭೂಮಿ ಕೊಟ್ಟುದೇ ಇಲ್ಲಿಯ ತಾಟಿನಲ್ಲಿ ಬರುತ್ತದೆ. ರೊಟ್ಟಿಯ ಜೊತೆಗೆ ಹೆಸರುಕಾಳಿನ ಪಲ್ಯ, ಇಲ್ಲವೆ ಮಡಕಿಕಾಳು. ಕಾಯಿಪಲ್ಯೆ ಸಿಗದ ದಿನ ಕಡಲೆಹಿಟ್ಟಿನ ಝುಣಕ. ಜೋಳದ ನುಚ್ಚಿಗೆ ಹುಳಿಯಾದ ಪುಂಡಿಪಲ್ಯೆ. ಹೊಲದಲ್ಲಿ ತಾನಾಗಿ ಬೆಳೆದ ಹಕ್ಕರಕಿಯ ಎಲೆ ಹಸಿಯಾಗಿಯೇ. ಶೇಂಗಾ, ಅಗಸಿ, ಗುರೆಳ್ಳು ಇವುಗಳ ಹಿಂಡಿ, ಅದರ ಮೇಲೆ ಒಂದಿಷ್ಟು ಎಣ್ಣೆಯೋ ಮೊಸರೋ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಮೆ, ಬೇಳೆಕಾಳುಗಳಲ್ಲಿ ಅದು ಹೆಚ್ಚು. ರೊಟ್ಟಿ ಮತ್ತು ಕಾಳುಪಲ್ಯಗಳ ಜೋಡಿ ಒಂದರ ಕೊರತೆಯನ್ನು ಇನ್ನೊಂದು ತುಂಬುವಂಥದು. ಇದನ್ನು ಆಹಾರಶಾಸ್ತ್ರಜ್ಞರು ಹೇಳುವ ಎಷ್ಟೋ ಕಾಲ ಮೊದಲೇ ಮನೆಯ ಹೆಣ್ಣುಮಕ್ಕಳು ಆ ಜೋಡಿಯನ್ನು ಕೂಡಿಸಿದ್ದರು. (ಶೇಂಗಾ, ಮೆಣಸಿನಕಾಯಿಗಳು ಶರಣರ ಕಾಲದಲ್ಲಿ ಈ ನಾಡಿನಲ್ಲಿರಲಿಲ್ಲ, ಪೋರ್ಚುಗೀಸರು ಬಂದ ಮೇಲೆ ಅಮೆರಿಕ ಖಂಡದಿಂದ ಬಂದವು. ಕಲ್ಯಾಣದ ದಾಸೋಹವನ್ನು ಕಲ್ಪಿಸಿ ಬರೆಯುವ ಕಾದಂಬರಿಕಾರರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.)

ಈ ಊಟದಲ್ಲಿ ಮಾಂಸವಿಲ್ಲ. ಆದರೆ ಮಾಂಸವಿಲ್ಲದ ಊಟವೆಲ್ಲ ಒಂದೇ ಅಲ್ಲ, ಅದರೊಳಗೂ ಮೇಲುಕೀಳುಗಳಿವೆ. ತುಪ್ಪ ಸುರಿದ ಹೋಳಿಗೆಯೂ ಸಸ್ಯಾಹಾರ, ಉಪ್ಪು ಹಾಕಿದ ಅಂಬಲಿಯೂ ಸಸ್ಯಾಹಾರ. ಈ ಭೇದವನ್ನು ಮೊದಲು ಕಂಡು ಅದರತ್ತ ಬೆರಳು ಮಾಡಿದವರು ಬಸವಣ್ಣನವರು. ಹಾಲಿನಿಂದ ಆರಂಭಿಸಿ ಕೆನೆ, ಬೆಣ್ಣೆ, ಬೆಲ್ಲಗಳವರೆಗೆ ಬಗೆಬಗೆಯ ರುಚಿಗಳನ್ನೇ ವ್ರತವಾಗಿಸಿಕೊಂಡವರನ್ನು ಸಾಲಾಗಿ ಎಣಿಸಿ, ಅಂಬಲಿಯನ್ನು ವ್ರತವಾಗಿ ಹಿಡಿದವನು ಮಾದಾರ ಚೆನ್ನಯ್ಯನೊಬ್ಬನೇ ಎಂದು ಮುಗಿಸುವ ಅವರ ವಚನವುಂಟು. ದಯೆಯ ವಚನದಷ್ಟು ಇದು ಪ್ರಚಾರಕ್ಕೆ ಬಂದಿಲ್ಲ. ಗೋಡೆಯ ಮೇಲಂತೂ ಕಾಣುವುದಿಲ್ಲ. ಕಾರಣ ಸ್ಪಷ್ಟವಾಗಿಯೇ ಇದೆ. ಕುರಿಯ ವಚನ ಬೊಟ್ಟು ಮಾಡುವುದು ಮಾಂಸ ತಿನ್ನುವವನ ಕಡೆಗೆ. ಈ ವಚನ ಬೊಟ್ಟು ಮಾಡುವುದು ಹಾಲು ಕುಡಿಯುವವನ ಕಡೆಗೆ. ವಚನದ ರಚನೆಯನ್ನು ಗಮನಿಸಬೇಕು. ಅದರಲ್ಲಿ ನಿಂದೆಯ ಶಬ್ದ ಒಂದೂ ಇಲ್ಲ. ಬರಿಯ ಎಣಿಕೆ, ಪ್ರತಿಯೊಂದು ಪದಾರ್ಥವೂ ನಿರ್ದೋಷವಾದುದೇ. ಎಣಿಕೆ ಬೆಳೆದಂತೆ ವ್ರತವೆಂಬುದು ನಾಲಗೆಯ ಚಪಲಕ್ಕೆ ಇಟ್ಟ ಗೌರವದ ಹೆಸರೆಂಬುದು ಓದುಗನಿಗೆ ತಾನಾಗಿ ಹೊಳೆಯುತ್ತದೆ. ಕೊನೆಗೆ ಬರುವ ಚೆನ್ನಯ್ಯನ ಹೆಸರು ಹಿಂದಿನ ಸಾಲನ್ನೆಲ್ಲ ಒಮ್ಮೆಗೇ ತೂಗಿಬಿಡುತ್ತದೆ.

ಆ ಹೆಸರಿನ ಹಿಂದಿನ ಕಥೆಯನ್ನು ಹರಿಹರನ ರಗಳೆಯಲ್ಲಿ ಓದಬೇಕು. ಕರಿಕಾಲಚೋಳನ ಕುದುರೆಗಳಿಗೆ ಹುಲ್ಲು ತರುವ ಕಾಯಕ ಚೆನ್ನಯ್ಯನದು, ಆತ ಗುಪ್ತಭಕ್ತ. ಅರಸ ದಿನವೂ ಶಿವನಿಗೆ ದಿವ್ಯಾನ್ನದ ನೈವೇದ್ಯ ಮಾಡುವವನು. ಒಂದು ದಿನ ಆ ನೈವೇದ್ಯ ಮುಟ್ಟದೆ ಉಳಿಯುತ್ತದೆ; ಚೆನ್ನಯ್ಯನೊಡನೆ ಅಂಬಲಿಯನ್ನುಂಡು ತೃಪ್ತನಾದುದನ್ನು ಶಿವನೇ ಅರಸನಿಗೆ ತಿಳಿಸುತ್ತಾನೆ. ಸಾಮಾನ್ಯವಾಗಿ ಈ ಕಥೆಯನ್ನು ಬಡವನ ಭಕ್ತಿ, ಸಿರಿವಂತನ ಗರ್ವಭಂಗ ಎಂದು ಅರ್ಥೈಸಿ ಬಿಡುತ್ತಾರೆ. ಅದು ಮೇಲುನೋಟದ ಅರ್ಥ. ಆಹಾರದ ದೃಷ್ಟಿಯಿಂದ ನೋಡಿದರೆ ಇನ್ನೊಂದು ಅಂಶ ಎದ್ದು ಕಾಣುತ್ತದೆ. ಚೋಳನ ಪಾತ್ರೆ ಶುದ್ಧವಾದುದು, ಚೆನ್ನಯ್ಯನ ಗಡಿಗೆಯಲ್ಲಿ ಇದ್ದುದೂ ಜೀವಹಿಂಸೆಯ ಸೋಂಕಿಲ್ಲದ ಅಂಬಲಿಯೇ. ಊರಿನವರು ಆತನ ಮನೆಯಲ್ಲಿ ಉಣ್ಣದಿರುವುದಕ್ಕೆ ಮಾಂಸ ಕಾರಣವೆಂದು ಹೇಳುವಂತಿರಲಿಲ್ಲ. ಗಡಿಗೆಯಲ್ಲಿ ಏನಿದೆ ಎಂಬುದು ಅವರ ಪ್ರಶ್ನೆಯಾಗಿರಲಿಲ್ಲ, ಗಡಿಗೆ ಯಾರದು ಎಂಬುದಾಗಿತ್ತು. ಹರಿಹರ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಚೆನ್ನಯ್ಯನನ್ನು ತಂದೆಯೆಂದು ಕರೆದುಕೊಂಡ ಬಸವಣ್ಣನವರು ಇದನ್ನು ಬಲ್ಲವರಾಗಿಯೇ ಅಂಬಲಿಯನ್ನು ಅಳತೆಗೋಲಾಗಿ ಹಿಡಿದರು. ಕೋಟುಮಚಗಿಯಂಥ ಊರುಗಳಲ್ಲಿ ಈ ಪ್ರಶ್ನೆ ಪುರಾಣದ ಕಾಲಕ್ಕೆ ಮುಗಿದುಹೋದುದಲ್ಲ. ‘ಅವರು ತಿನ್ನುವವರು, ಆದುದರಿಂದ ಅವರ ಮನೆಯ ನೀರು ಬೇಡ’ ಎಂಬ ಮಾತು ಎಷ್ಟು ಸಲ ಆಹಾರವನ್ನು ಕುರಿತದ್ದು, ಎಷ್ಟು ಸಲ ಜಾತಿಯನ್ನು ಕುರಿತದ್ದು ಎಂಬುದನ್ನು ಆಡುವವರೇ ಪರೀಕ್ಷಿಸಿಕೊಳ್ಳಬೇಕಾಗಿದೆ.

ಇಲ್ಲಿ ಜಿಜ್ಞಾಸುವಿಗೆ ಒಂದು ಸಂಶಯ ಏಳುವುದು ಸಹಜ. ಕೊಲ್ಲಬಾರದೆಂದು ಸಾರಿದ ಶರಣರೇ ಬೇಡರ ಕಣ್ಣಪ್ಪನನ್ನು ಕೊಂಡಾಡಿದರಲ್ಲ? ಕಾಡಿನ ಬೇಟೆಯ ಮಾಂಸವನ್ನು ತಾನೇ ರುಚಿ ನೋಡಿ ಲಿಂಗಕ್ಕೆ ಅರ್ಪಿಸಿದವನು ಅರುವತ್ತುಮೂವರು ಪುರಾತನರಲ್ಲಿ ಒಬ್ಬನಾದುದು ಹೇಗೆ? ಕೆಲವರು ಇದಕ್ಕೆ ಅಧ್ಯಾತ್ಮದ ಅರ್ಥ ಹಚ್ಚಿ, ಮೃಗವೆಂದರೆ ಕಾಮಕ್ರೋಧಗಳು, ಮಾಂಸವೆಂದರೆ ಅಹಂಕಾರ ಎಂದು ಪಾರಾಗುತ್ತಾರೆ. ಈ ಬಗೆಯ ವ್ಯಾಖ್ಯಾನವನ್ನು ಒಪ್ಪಲಾಗದು. ಮಾಂಸವನ್ನು ರೂಪಕವಾಗಿಸಿದೊಡನೆ ಕಥೆಯೂ ಸಪ್ಪೆಯಾಗುತ್ತದೆ, ಬೇಡನೂ ಮಾಯವಾಗುತ್ತಾನೆ. ಹರಿಹರನ ಕಣ್ಣಪ್ಪ ನಿಜವಾದ ಬೇಡ, ಆತನ ಕೈಯಲ್ಲಿದ್ದುದು ನಿಜವಾದ ಮಾಂಸ. ಕಥೆ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ನೋಡಿದರೆ ಸಂಶಯಕ್ಕೆ ಉತ್ತರ ಅದರಲ್ಲಿಯೇ ಇದೆ. ಬೇರೆ ಜೀವದ ಮಾಂಸದಿಂದ ತೊಡಗಿದ ಅರ್ಪಣೆ ತನ್ನ ಕಣ್ಣನ್ನೇ ಕಿತ್ತು ಕೊಡುವಲ್ಲಿ ತುದಿಮುಟ್ಟುತ್ತದೆ. ಲಿಂಗದ ಕಣ್ಣಿನಲ್ಲಿ ರಕ್ತ ಸುರಿಯುವಾಗ ಬೇಟೆಯ ಯಾವ ಪ್ರಾಣಿಯೂ ಕೆಲಸಕ್ಕೆ ಬರುವುದಿಲ್ಲ. ಆದುದರಿಂದ ಈ ಕಥೆಯನ್ನು ಮಾಂಸಾಹಾರಕ್ಕೆ ಅಪ್ಪಣೆಯೆಂದು ತೋರಿಸುವವನಿಗೆ ಅದರ ಅಂತ್ಯ ಅಡ್ಡಬರುತ್ತದೆ. ಬೇಡನನ್ನು ಹೀನನೆಂದು ಜರೆಯುವವನಿಗೆ ಅದರ ಆರಂಭ ಅಡ್ಡಬರುತ್ತದೆ. ಭೀಮಕವಿಯ ‘ಬಸವಪುರಾಣ’ದಲ್ಲಿ (1369) ಬರುವ ಸಿರಿಯಾಳನ ಕಥೆ ಇದಕ್ಕಿಂತ ಕಠಿನವಾದುದು. ಅಲ್ಲಿ ಜಂಗಮದ ಊಟಕ್ಕಾಗಿ ಬಲಿಯಾಗುವವನು ಎಳೆಯ ಮಗ. ಭಕ್ತಿಯ ಪರಾಕಾಷ್ಠೆಯೆಂದು ಎಷ್ಟು ಸಮರ್ಥಿಸಿದರೂ ಇಂದಿನ ಓದುಗನ ಮನಸ್ಸು ಹಿಂಜರಿಯುತ್ತದೆ. ದಯೆಯ ವಚನವನ್ನು ಓದಿ ಬೆಳೆದ ಮನಸ್ಸು ಹಿಂಜರಿಯುವುದೇ ಸರಿ.

ಇನ್ನು ಹಿಂಸೆಯನ್ನು ನೇರವಾಗಿ ಕುರಿತ ವಚನಗಳು. ಹಬ್ಬದ ಕುರಿಯ ವಚನದ ಶಕ್ತಿ ಇರುವುದು ಅದರ ಕರುಣೆಯಲ್ಲಿ ಮಾತ್ರವಲ್ಲ, ನೋಟದ ಸೂಕ್ಷ್ಮತೆಯಲ್ಲಿ. ತನ್ನ ಸಾವಿನ ಸಂಭ್ರಮಕ್ಕೆ ಕಟ್ಟಿದ ತೋರಣದ ತಳಿರನ್ನೇ ಹಸಿವಿನಿಂದ ಮೇಯುವ ಪ್ರಾಣಿಯ ಚಿತ್ರ ಊರಹಬ್ಬವನ್ನು ಕಣ್ಣಾರೆ ಕಂಡವನಿಗಲ್ಲದೆ ಹೊಳೆಯದು. ಹೋತವನ್ನು ಉದ್ದೇಶಿಸಿ ಆಡಿದ ಇನ್ನೊಂದು ವಚನದಲ್ಲಿ ಅಣ್ಣನವರ ಸಿಟ್ಟು ವೇದವನ್ನೋದಿ ಬಲಿಗೊಡುವವರ ಮೇಲೆ ತಿರುಗುತ್ತದೆ. ಇವೆರಡನ್ನೂ ಒಟ್ಟಿಗೆ ಓದಿದರೆ, ಊರದೇವತೆಯ ಜಾತ್ರೆಯೂ ಯಜ್ಞಶಾಲೆಯೂ ಒಂದೇ ಕಟಕಟೆಯಲ್ಲಿ ನಿಂತಿವೆ. ಒಂದನ್ನು ಮಾತ್ರ ಎತ್ತಿ ಆಡುವವರು ತಮಗೆ ಬೇಕಾದ ಅಪರಾಧಿಯನ್ನು ಆರಿಸಿಕೊಂಡಂತೆ.

ಕುಲವು ಹುಟ್ಟಿನಿಂದಲ್ಲ, ಕೊಲ್ಲುವುದರಿಂದ ಮತ್ತು ಹೊಲಸನ್ನು ತಿನ್ನುವುದರಿಂದ ನಿರ್ಧಾರವಾಗುತ್ತದೆ ಎಂದು ಹೇಳುವ ವಚನ ಇನ್ನೂ ಎಚ್ಚರದಿಂದ ಓದಬೇಕಾದುದು. ಹುಟ್ಟಿನ ಜಾತಿಯನ್ನು ಅದು ಒಡೆಯುತ್ತದೆ ಎಂಬುದು ದಿಟ. ಹನ್ನೆರಡನೆಯ ಶತಮಾನದಲ್ಲಿ ಅದು ಸಣ್ಣ ಮಾತಲ್ಲ. ಆದರೆ ಒಡೆಯಲು ಬಳಸಿದ ಬಯ್ಗುಳ ಅದೇ ಜಾತಿಗಳ ಹೆಸರು. ವಚನಕಾರರ ಆಶಯವನ್ನು ಬಿಟ್ಟು ಶಬ್ದವನ್ನಷ್ಟೇ ಹಿಡಿದವರು ಅದನ್ನು ಹಿಂದಿರುಗಿಸಿ, ತಿನ್ನುವವನನ್ನು ಹುಟ್ಟಿನ ಜಾತಿಗೇ ಕಟ್ಟಿಹಾಕಿದ್ದಾರೆ. ದೋಷ ಮುಖ್ಯವಾಗಿ ಓದಿನದು. ಆದರೆ ಅಂಥ ಓದಿಗೆ ಎಡೆಮಾಡಿಕೊಟ್ಟ ಶಬ್ದವನ್ನು ಕಾಣದಂತೆ ನಟಿಸುವುದು ವಿಮರ್ಶೆಯಾಗದು.

ಅಕ್ಕಮ್ಮನ ವಚನಗಳಿಗೆ ಇದರ ವಿರುದ್ಧವಾದ ಅನ್ಯಾಯ ನಡೆದಿದೆ. ‘ಆಚಾರವೇ ಪ್ರಾಣವಾದ ರಾಮೇಶ್ವರಲಿಂಗ’ ಎಂಬ ಅಂಕಿತದಲ್ಲಿ ನೂರೈವತ್ತಕ್ಕೂ ಹೆಚ್ಚು ವಚನಗಳನ್ನು ಬರೆದ ಈ ಶರಣೆಯನ್ನು ವ್ರತನಿಯಮಗಳ ಪಟ್ಟಿಗಾರ್ತಿಯೆಂದು ಬದಿಗೆ ಸರಿಸುವುದುಂಟು. ಆಕೆಯ ನಿಷ್ಠುರತೆ ಎಲ್ಲಕ್ಕಿಂತ ಮೊದಲು ವ್ರತ ಹಿಡಿದವರ ಮೇಲೆಯೇ ತಿರುಗುತ್ತದೆ. ಉಣ್ಣುವುದರಲ್ಲಿ ಕಟ್ಟು ಪಾಲಿಸಿ ನಡೆಯಲ್ಲಿ ತಪ್ಪುವವನಿಗೆ ಅವಳಲ್ಲಿ ಕ್ಷಮೆಯಿಲ್ಲ. ಆಯ್ದಕ್ಕಿ ಲಕ್ಕಮ್ಮನೂ ಅದೇ ಒಲೆಯ ಮುಂದಿನಿಂದ ಮಾತನಾಡಿದವಳು. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಚ್ಚಾದುದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳಿಸಿದ ಪ್ರಸಂಗ ಎಲ್ಲರಿಗೂ ಗೊತ್ತಿರುವಂಥದು. ಅಕ್ಕಿ ಸಾತ್ತ್ವಿಕ ಆಹಾರವೆಂಬುದು ಅವಳಿಗೆ ಸಾಲದಾಯಿತು; ಅಗತ್ಯಕ್ಕೆ ಮೀರಿದ ಅಕ್ಕಿಯಿಂದ ದಾಸೋಹವಾಗದು. ಪದಾರ್ಥ ಪ್ರಸಾದವಾಗುವ ದಾರಿಯನ್ನು ಚೆನ್ನಬಸವಣ್ಣನವರು ಶಾಸ್ತ್ರವಾಗಿ ವಿವರಿಸಿದುದನ್ನು ಲಕ್ಕಮ್ಮ ಒಂದು ಮೊರದ ಅಳತೆಯಲ್ಲಿ ತೋರಿಸಿಕೊಟ್ಟಳು.

ಹಾಗಾದರೆ ಶರಣರ ದೃಷ್ಟಿಯಲ್ಲಿ ಮಾಂಸವಿಲ್ಲದ ಊಟದ ಹೆಚ್ಚುಗಾರಿಕೆ ಯಾವುದು? ಕೊಲೆಯಿಲ್ಲವೆಂಬುದು ಮೊದಲನೆಯದು, ಅದರಲ್ಲಿ ರಾಜಿಯಿಲ್ಲ. ಅಷ್ಟೇ ಮುಖ್ಯವಾದುದು, ಅದು ಯಾರೂ ಕೂತು ಉಣ್ಣಬಹುದಾದ ಊಟ. ಮಾಂಸ ತಿನ್ನುವವನೂ ಝುಣಕ ರೊಟ್ಟಿಯನ್ನು ಬೇಡವೆನ್ನುವುದಿಲ್ಲ. ಎಲ್ಲರನ್ನೂ ಪಂಕ್ತಿಗೆ ಕರೆಯಲು ಬರುವಂಥ ಅಡುಗೆಯನ್ನೇ ಪಂಕ್ತಿಯಿಂದ ಎಬ್ಬಿಸಲು ಬಳಸುವುದಕ್ಕಿಂತ ವಿಪರೀತ ಬೇರೆಯಿಲ್ಲ. ಒಂದು ಅಗುಳು ಕಂಡರೂ ಬಳಗವನ್ನು ಕರೆಯುವ ಕಾಗೆಯನ್ನು ಭಕ್ತನಿಗೆ ಗುರುವಾಗಿಸಿದ ಬಸವಣ್ಣನವರ ವಚನವನ್ನು ಈ ಬೆಳಕಿನಲ್ಲಿ ಮತ್ತೆ ಓದಬೇಕು.

ಆ ವಚನಕ್ಕೆ ಟೀಕೆ ಎರೆಯ ಸೀಮೆಯ ಹೊಲಗಳಲ್ಲಿ ವರ್ಷವರ್ಷವೂ ನಡೆಯುತ್ತದೆ. ಶೀಗಿಹುಣ್ಣಿಮೆಗೆ, ಎಳ್ಳಮಾವಾಸ್ಯೆಗೆ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಸಜ್ಜಿರೊಟ್ಟಿ, ಎಣ್ಣೆಗಾಯಿ ಬದನೆ, ಪುಂಡಿಪಲ್ಯೆ, ಶೇಂಗಾಹೋಳಿಗೆ, ಮೊಸರನ್ನದ ಬುತ್ತಿ ಬಿಚ್ಚಿ, ಉಣ್ಣುವ ಮೊದಲು ಬೆಳೆಗೆ ಚರಗ ಚೆಲ್ಲುತ್ತಾರೆ. ಆ ದಿನ ಹಕ್ಕಿಗೂ ಪಾಲುಂಟು, ನೆರೆಹೊಲದವರಿಗೂ ದುಡಿಯುವ ಆಳುಮಕ್ಕಳಿಗೂ ಕರೆಯುಂಟು. ಬದುವಿನ ಮೇಲೆ ಅಂದು ಕೂಡಿ ಉಂಡವರು ಊರೊಳಗೆ ಬಂದು ಮತ್ತೆ ಬೇರೆಬೇರೆ ಓಣಿಗಳಿಗೆ ತಿರುಗುತ್ತಾರೆ ಎಂಬುದನ್ನೂ ಹೇಳದೆ ಬಿಡುವಂತಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ (1892–1944) ಅವರ ತರುವಾಯ ಪುಟ್ಟರಾಜ ಗವಾಯಿಗಳೂ (1914–2010) ಅಂಧಮಕ್ಕಳಿಗೆ ಜಾತಿ ಕೇಳದೆ ಅನ್ನವನ್ನೂ ಸಂಗೀತವನ್ನೂ ಕೊಟ್ಟುದು ಈ ನಾಡು ಬಲ್ಲ ಸಂಗತಿ. ಮುಂಡರಗಿ ತಾಲೂಕಿನ ಡಂಬಳದಲ್ಲಿ ತೋಂಟದಾರ್ಯ ಜಾತ್ರೆಯನ್ನು ಜನ ರೊಟ್ಟಿಜಾತ್ರೆ ಎಂದೇ ಕರೆಯುತ್ತಾರೆ. ಮನೆಮನೆಯಲ್ಲಿ ಬಡಿದ ಜೋಳದ ರೊಟ್ಟಿಗಳು ಅಲ್ಲಿಗೆ ಸಾವಿರಗಟ್ಟಲೆ ಬಂದು ಒಂದೇ ರಾಶಿಯಾಗುತ್ತವೆ. ಜೊತೆಗೆ ಕರಿಂಡಿ, ಪಲ್ಯ. ಎಲ್ಲ ಮತದವರೂ ಒಂದೇ ಸಾಲಿನಲ್ಲಿ ಕೂಡುತ್ತಾರೆ. ಕೈಗೆ ಬಂದ ರೊಟ್ಟಿ ಯಾರ ಮನೆಯ ಹಂಚಿನದೆಂದು ಕೇಳಿದರೂ ಬಡಿಸುವವರಿಗೆ ಹೇಳಲು ಬಾರದು.