ಹಳೆಯ ಗಣಕಯಂತ್ರಗಳೂ ಅವುಗಳ ಅನುಕರಣಗಳೂ: ಆಧಾರವಿಮರ್ಶೆಯ ದೃಷ್ಟಿಯಿಂದ

ಮೂಲವಸ್ತುವಿಗೆ ಎಷ್ಟು ಪ್ರಾಮಾಣ್ಯ, ಅದರ ಪ್ರತಿಗೆ ಎಷ್ಟು ಪ್ರಾಮಾಣ್ಯ ಎಂಬ ಪ್ರಶ್ನೆ ಇತಿಹಾಸದ ಅಭ್ಯಾಸಿಗಳಿಗೆ ಹೊಸದಲ್ಲ. ಓಲೆಗರಿಯ ಪ್ರತಿಗಳನ್ನೂ ಶಾಸನದ ಪಡಿಯಚ್ಚುಗಳನ್ನೂ ಮುಂದಿಟ್ಟುಕೊಂಡು ಕೆಲಸಮಾಡಿದವರೆಲ್ಲ ಇದನ್ನು ಎದುರಿಸಿಯೇ ಇದ್ದಾರೆ. ಆದರೆ ಇದೇ ಪ್ರಶ್ನೆ ಈಗ ನಲವತ್ತು ವರ್ಷಗಳಷ್ಟು ಈಚಿನ ವಸ್ತುಗಳ ವಿಷಯದಲ್ಲಿಯೂ ತೀವ್ರವಾಗಿ ಎದ್ದಿದೆ. 1981ರ ಕೊನೆಯಲ್ಲಿ ಬಂದ ಬಿಬಿಸಿ ಮೈಕ್ರೊ, 1982ರಲ್ಲಿ ಇಂಗ್ಲೆಂಡಿನಲ್ಲಿ 125 ಪೌಂಡುಗಳ ಆರಂಭದ ಬೆಲೆಗೆ ಬಂದ ಸಿಂಕ್ಲೇರ್ ಸ್ಪೆಕ್ಟ್ರಮ್, ಅದೇ ವರ್ಷ ಅಮೆರಿಕದಲ್ಲಿ 595 ಡಾಲರುಗಳಿಗೆ ಮಾರಾಟವಾಗತೊಡಗಿದ ಕಮೊಡೋರ್ 64 ಮೊದಲಾದ ಮನೆಬಳಕೆಯ ಗಣಕಯಂತ್ರಗಳು ಇಂದು ಸಂಗ್ರಾಹಕರ ವಸ್ತುಗಳಾಗಿವೆ. ಆ ಯಂತ್ರಗಳ ನಡೆಯನ್ನು ಇಂದಿನ ಯಂತ್ರದಲ್ಲಿ ತಂತ್ರಾಂಶದ ಮೂಲಕ ಪುನಃ ಉಂಟುಮಾಡುವ ವಿಧಾನಕ್ಕೆ ಎಮ್ಯುಲೇಷನ್ ಎಂದು ಹೆಸರು. ಈ ಲೇಖನದಲ್ಲಿ ಅದನ್ನು ಅನುಕರಣವೆಂದು ಕರೆದಿದೆ.

ಹಳೆಯ ಆಟವೊಂದನ್ನು ಯಥಾರ್ಥವಾಗಿ ತಿಳಿಯಬೇಕಾದರೆ ಮೂಲಯಂತ್ರವೇ ಬೇಕೆಂದು ಒಂದು ಪಕ್ಷ ವಾದಿಸುತ್ತದೆ. ಅನುಕರಣವೇ ಸಾಕು, ಮೂಲಯಂತ್ರದ ಮೋಹ ಕೇವಲ ಭಾವುಕತೆಯೆಂದು ಇನ್ನೊಂದು ಪಕ್ಷ ಹೇಳುತ್ತದೆ. ಇದು ಹವ್ಯಾಸಿಗಳ ಜಗಳವೆಂದು ನಾವು ಉಪೇಕ್ಷಿಸುವಂತಿಲ್ಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಸಾಮಾಜಿಕ ಚರಿತ್ರೆಗೆ ಈ ಯಂತ್ರಗಳೂ ಆಧಾರಗಳೇ. ಭಾರತ ಸರ್ಕಾರವು 1984ರಲ್ಲಿ ಆರಂಭಿಸಿದ ‘ಕ್ಲಾಸ್’ ಎಂಬ ಶಾಲಾ ಗಣಕಶಿಕ್ಷಣ ಯೋಜನೆಯಲ್ಲಿ ಬಳಸಿದುದು ಬಿಬಿಸಿ ಮೈಕ್ರೊ ಯಂತ್ರವನ್ನೇ. ನಮ್ಮ ದೇಶದ ಶಾಲೆಗಳಿಗೆ ಗಣಕಯಂತ್ರ ಹೇಗೆ ಪ್ರವೇಶಿಸಿತೆಂಬುದನ್ನು ಬರೆಯಹೊರಡುವವನು, ಅದರ ಮುಂದೆ ಕುಳಿತ ವಿದ್ಯಾರ್ಥಿ ಕಂಡುದೇನು, ಕಲಿತುದೇನು ಎಂದು ಕೇಳಲೇಬೇಕಾಗುತ್ತದೆ. ಆದುದರಿಂದ ಉಭಯಪಕ್ಷಗಳ ವಾದವನ್ನೂ ಆಧಾರವಿಮರ್ಶೆಯ ಒರೆಗಲ್ಲಿಗೆ ಹಚ್ಚಿನೋಡುವುದು ಅವಶ್ಯಕ.

ಮೊದಲು ಮೂಲಯಂತ್ರದ ಪಕ್ಷವನ್ನು ಪರಿಶೀಲಿಸಬಹುದು. ಅದರ ಅತ್ಯಂತ ಬಲವಾದ ವಾದ ಪರದೆಗೆ ಸಂಬಂಧಿಸಿದುದು. ಅಂದಿನ ಚಿತ್ರಗಳನ್ನು ಗಾಜಿನ ಕೊಳವೆಯ ದೂರದರ್ಶನ ಪೆಟ್ಟಿಗೆಗಾಗಿಯೇ ರಚಿಸುತ್ತಿದ್ದರು. 1991ರ ‘ಸೋನಿಕ್ ದಿ ಹೆಡ್ಜ್‌ಹಾಗ್’ ಆಟದ ಜಲಪಾತವನ್ನು ಒಂದು ಬಿಟ್ಟೊಂದು ಲಂಬವಾದ ಗೆರೆಗಳಿಂದ ಬರೆದಿದೆ. ಹಳೆಯ ಪೆಟ್ಟಿಗೆಗೆ ಸಾಧಾರಣ ತಂತಿಯ ಮೂಲಕ ಹೋದ ಸಂಕೇತದಲ್ಲಿ ಈ ಗೆರೆಗಳು ಒಂದರೊಡನೊಂದು ಬೆರೆತು, ನೀರು ಪಾರದರ್ಶಕವಾಗಿ ತೋರುತ್ತದೆ. ಇಂದಿನ ತೀಕ್ಷ್ಣವಾದ ಪರದೆಯಲ್ಲಿ ಕಾಣುವುದು ಬರಿಯ ಗೆರೆಗಳು. ಇಲ್ಲಿ ಪ್ರತಿಯು ಅಕ್ಷರಶಃ ಶುದ್ಧವಾಗಿದ್ದೂ ಅರ್ಥದಲ್ಲಿ ತಪ್ಪಿದೆ. ಈ ವಾದವನ್ನು ಒಪ್ಪಲೇಬೇಕು.

ಆದರೆ ‘ಮೂಲಯಂತ್ರ’ವೆಂಬುದು ಒಂದೇ ಎಂಬ ಭಾವನೆ ಪರೀಕ್ಷೆಗೆ ನಿಲ್ಲುವುದಿಲ್ಲ. ಕಮೊಡೋರ್ 64ರ ನಾದಕ್ಕೆ ಕಾರಣವಾದ ಸಿಡ್ ಚಿಪ್ಪನ್ನು ರಚಿಸಿದವನು ಬಾಬ್ ಯಾನೆಸ್. ಇದರಲ್ಲಿ 6581 ಮತ್ತು 8580 ಎಂಬ ಎರಡು ಮುಖ್ಯ ಭೇದಗಳುಂಟು. ಮೊದಲನೆಯದರಲ್ಲಿದ್ದ ಒಂದು ವಿದ್ಯುತ್ ದೋಷವನ್ನೇ ಉಪಾಯವಾಗಿ ಮಾಡಿಕೊಂಡು, ಧ್ವನಿಮಟ್ಟವನ್ನು ಅತಿವೇಗವಾಗಿ ಏರಿಸಿ ಇಳಿಸಿ, ಮಾತನ್ನೂ ತಾಳವಾದ್ಯವನ್ನೂ ನುಡಿಸುವ ಕೌಶಲವನ್ನು ಅಂದಿನವರು ಕಂಡುಕೊಂಡರು. ಮುಂದೆ ಬಂದ 8580ರಲ್ಲಿ ಆ ದೋಷ ಬಹುಮಟ್ಟಿಗೆ ನಿವಾರಣೆಯಾದ್ದರಿಂದ ಅದೇ ಧ್ವನಿ ಕೇಳಿಸದಷ್ಟು ಕ್ಷೀಣಿಸಿತು. ಒಂದೇ ಭೇದದ ಎರಡು ಚಿಪ್ಪುಗಳಲ್ಲಿಯೂ, ವಿಶೇಷವಾಗಿ 6581ರಲ್ಲಿ, ನಾದವನ್ನು ಸೋಸುವ ಭಾಗ ಒಂದೇ ರೀತಿಯಾಗಿ ವರ್ತಿಸುವುದಿಲ್ಲ. ಇದರ ಮೇಲೆ ಯುರೋಪಿನ ಯಂತ್ರ ಸೆಕೆಂಡಿಗೆ 50 ಬಾರಿ, ಅಮೆರಿಕದ ಯಂತ್ರ 60 ಬಾರಿ ಚಿತ್ರವನ್ನು ಮೂಡಿಸುತ್ತಿದ್ದುದರಿಂದ, ಚಿತ್ರದ ಗತಿಗೆ ಹೊಂದಿಸಿ ಬರೆದ ಸಂಗೀತ ಒಂದೆಡೆ ವಿಲಂಬವಾಗಿಯೂ ಇನ್ನೊಂದೆಡೆ ದ್ರುತವಾಗಿಯೂ ಕೇಳುತ್ತಿತ್ತು. ಹೀಗಿರಲು ಯಾವುದು ಮೂಲ? ರಚಿಸಿದವನ ಮೇಜಿನ ಮೇಲಿದ್ದ ಯಂತ್ರವೇ, ಕೊಂಡವನ ಮನೆಯಲ್ಲಿದ್ದುದೇ?

ಕಾಲದ ಪರಿಣಾಮವನ್ನೂ ಇಲ್ಲಿ ಗಣಿಸಬೇಕು. ಕೆಪಾಸಿಟರುಗಳು ಸೋರುತ್ತವೆ; ಬ್ಯಾಟರಿಗಳು ಒಡೆದು ಹಲಗೆಯನ್ನು ತಿನ್ನುತ್ತವೆ; ಟೇಪು ಮತ್ತು ಫ್ಲಾಪಿಗಳ ಕಾಂತಶಕ್ತಿ ಕುಂದುತ್ತದೆ. ಕಮೊಡೋರ್ 64ರ ಹಳೆಯ ವಿದ್ಯುತ್ ಪೆಟ್ಟಿಗೆ ಕೆಟ್ಟಾಗ ಹೆಚ್ಚಿನ ವೋಲ್ಟೇಜು ಹರಿದು ಯಂತ್ರದ ಚಿಪ್ಪುಗಳನ್ನೇ ಸುಡುವುದುಂಟು. ಇಂದು ಓಡುತ್ತಿರುವ ಅನೇಕ ‘ಮೂಲ’ಯಂತ್ರಗಳಲ್ಲಿ ಸತ್ತ ಸಿಡ್ ಚಿಪ್ಪಿನ ಜಾಗದಲ್ಲಿ ಹೊಸಕಾಲದ ಬದಲಿ ಚಿಪ್ಪು ಕುಳಿತಿದೆ, ಆ ಬದಲಿಯು ತಾನೇ ಒಂದು ಅನುಕರಣ. ಮೂಲದ ಒಡಲೊಳಗೆ ಅನುಕರಣ ಹೊಕ್ಕಿರುವಾಗ ಎರಡರ ನಡುವೆ ಗೋಡೆ ಎಬ್ಬಿಸುವುದು ವ್ಯರ್ಥ.

ಇನ್ನು ಅನುಕರಣದ ಪಕ್ಷ. ಸೊನ್ನೆ ಒಂದುಗಳ ಸಾಲು ಎಲ್ಲಿದ್ದರೂ ಒಂದೇ, ಆದ್ದರಿಂದ ನಷ್ಟವಾಗುವುದು ಏನೂ ಇಲ್ಲ ಎಂಬುದು ಇವರ ಮುಖ್ಯ ಪ್ರತಿಪಾದನೆ. ಇದೂ ಅವಸರದ ಮಾತು. ಕಮೊಡೋರ್ ಡಿಸ್ಕುಗಳನ್ನು ಉಳಿಸಲು ಬಹಳವಾಗಿ ಬಳಕೆಯಲ್ಲಿರುವ ಡಿ64 ಎಂಬ ಕಡತರೂಪವನ್ನೇ ನೋಡಬಹುದು. ಇದರ ಸಾಮಾನ್ಯ ರೂಪದಲ್ಲಿ ಡಿಸ್ಕಿನ 683 ಖಂಡಗಳ ಮಾಹಿತಿ ಮಾತ್ರ ಇರುತ್ತದೆ. ನಕಲನ್ನು ತಡೆಯಲು ಪ್ರಕಾಶಕರು ಡಿಸ್ಕಿನ ಮೇಲೆ ಉದ್ದೇಶಪೂರ್ವಕವಾಗಿ ಮಾಡಿದ್ದ ಸೂಕ್ಷ್ಮ ಗುರುತುಗಳು ಇದರಲ್ಲಿ ಉಳಿಯುವುದಿಲ್ಲ. ಆದಕಾರಣ ಹೀಗೆ ಉಳಿದುಬಂದಿರುವ ಪ್ರತಿಗಳಲ್ಲಿ ಬಹಳಷ್ಟು, ಅಂದಿನ ಕಳ್ಳನಕಲುಗಾರರು ಆ ತಡೆಯನ್ನು ಮುರಿದು ಹಂಚಿದವು. ಅವರು ಆರಂಭದಲ್ಲಿ ತಮ್ಮ ಹೆಸರಿನ ಚಿತ್ರಪಟವನ್ನು ಸೇರಿಸಿದರು. ಕೆಲವೆಡೆ ಆಟಗಾರನಿಗೆ ಸಾವೇ ಬಾರದಂತೆ ತಿದ್ದಿದರು. ಕೆಲವೆಡೆ ಜಾಗ ಸಾಲದೆಂದು ಭಾಗಗಳನ್ನೇ ಕಿತ್ತುಹಾಕಿದರು. ಲಿಪಿಕಾರನ ಪ್ರಕ್ಷೇಪಗಳನ್ನೂ ಲೋಪಗಳನ್ನೂ ಬಲ್ಲವರಿಗೆ ಇದು ಪರಿಚಿತವಾದ ಸ್ಥಿತಿ. ಇಂತಹ ಪ್ರತಿಯು ನಿರರ್ಥಕವಲ್ಲ. ಕಳ್ಳನಕಲಿನ ಚರಿತ್ರೆಗೆ ಅದೇ ಮುಖ್ಯ ಆಧಾರ. ಆದರೆ ಅದನ್ನು ಪ್ರಕಾಶಕನ ಕೃತಿಯೆಂದು ಭಾವಿಸಿ ಓದಿದರೆ ತಪ್ಪು ನಿರ್ಣಯಕ್ಕೆ ಬರುತ್ತೇವೆ.

ಯಂತ್ರದ ಅನುಕರಣದಲ್ಲಿಯೂ ಇದೇ ತೊಡಕು. ಯುರೋಪಿನ ಕಮೊಡೋರ್ 64ರಲ್ಲಿ ಚಿತ್ರದ ಒಂದು ಸಾಲಿಗೆ 63 ಗಡಿಯಾರಮಿಡಿತಗಳ ಕಾಲ ಹಿಡಿಯುತ್ತದೆ. ಅಕ್ಷರಗಳನ್ನು ತೋರಿಸುವ ಭಾಗದ ಪ್ರತಿ ಎಂಟನೆಯ ಸಾಲಿನಲ್ಲಿ ಚಿತ್ರದ ಚಿಪ್ಪು ಇವುಗಳಲ್ಲಿ ಸುಮಾರು 40ನ್ನು ಪ್ರೊಸೆಸರಿನಿಂದ ಕಸಿದುಕೊಳ್ಳುತ್ತದೆ. ಚತುರರಾದ ಕ್ರಮವಿಧಿಕಾರರು ಈ ಲೆಕ್ಕವನ್ನು ಮಿಡಿತ ಮಿಡಿತವಾಗಿ ತಿಳಿದು, ಚಿತ್ರ ಮೂಡಬಾರದ ಅಂಚಿನಲ್ಲಿಯೂ ಚಿತ್ರವನ್ನು ಮೂಡಿಸಿದರು. ‘ವೈಸ್’ನಂತಹ ಎಚ್ಚರದ ಅನುಕರಣ ಈ ಲೆಕ್ಕವನ್ನು ಪಾಲಿಸುತ್ತದೆ, ಒರಟಾದ ಅನುಕರಣದಲ್ಲಿ ಆ ಕೌಶಲ ಕೆಟ್ಟ ಚಿತ್ರವಾಗಿ ತೋರುತ್ತದೆ. ತಪ್ಪು ಹರಡುವ ಬಗೆಗೂ ಒಂದು ನಿದರ್ಶನವುಂಟು. ಸೂಪರ್ ನಿಂಟೆಂಡೊ ಯಂತ್ರಕ್ಕೆ 1990ರ ದಶಕದಲ್ಲಿ ರಚಿತವಾದ ‘ಝಡ್‌ಎಸ್‌ನೆಸ್’ ವೇಗಕ್ಕಾಗಿ ನಿಖರತೆಯನ್ನು ಬಿಟ್ಟುಕೊಟ್ಟಿತ್ತು. ಅದರಲ್ಲಿ ಮಾತ್ರ ಪರೀಕ್ಷಿಸಿ ಆಟಗಳನ್ನು ತಿದ್ದಿದ ಹವ್ಯಾಸಿಗಳ ಹಲವು ಕೃತಿಗಳು ನಿಜವಾದ ಯಂತ್ರದಲ್ಲಿ ಓಡದೆಹೋದವು. ಅಪಪಾಠವನ್ನೇ ಶುದ್ಧಪಾಠವೆಂದು ನಂಬಿ ಅದರ ಮೇಲೆ ವ್ಯಾಖ್ಯಾನ ಬರೆದಂತಾಯಿತು.

ಈಚೆಗೆ ಮೂರನೆಯ ಪಕ್ಷವೊಂದು ಹುಟ್ಟಿಕೊಂಡಿದೆ. ಎಫ್‌ಪಿಜಿಎ ಎಂಬ, ಬೇಕಾದಂತೆ ಜೋಡಿಸಬಹುದಾದ ಚಿಪ್ಪಿನಲ್ಲಿ ಹಳೆಯ ಮಂಡಲಗಳನ್ನೇ ಮತ್ತೆ ಕಟ್ಟುವುದು ಇದರ ರೀತಿ. 2017ರಲ್ಲಿ ಆರಂಭವಾದ ‘ಮಿಸ್ಟರ್’ ಯೋಜನೆ ಇದಕ್ಕೆ ಪ್ರಸಿದ್ಧ ಉದಾಹರಣೆ. ಹಲವು ಕಾರ್ಯಗಳು ನಿಜವಾಗಿಯೂ ಏಕಕಾಲದಲ್ಲಿ ನಡೆಯುವುದರಿಂದ ಆಟಗಾರನ ಕೈಗೂ ಪರದೆಗೂ ನಡುವಣ ವಿಳಂಬ ಕಡಿಮೆಯಾಗುತ್ತದೆ. ಇದು ಇದರ ಗುಣ. ಆದರೆ ಇದು ಅನುಕರಣವೇ ಅಲ್ಲ, ಮೂಲಯಂತ್ರದ ಪುನರ್ಜನ್ಮವೆಂದು ಕೆಲವರು ಹೇಳುವುದು ಅತಿಶಯೋಕ್ತಿ. ಆ ಮಂಡಲವನ್ನು ವಿವರಿಸಿದವನೂ ಮನುಷ್ಯನೇ. ಹಳೆಯ ಚಿಪ್ಪಿನ ನಡೆಯನ್ನು ಅವನು ಹೇಗೆ ಅರ್ಥಮಾಡಿಕೊಂಡನೋ ಹಾಗೆ ಅದು ವರ್ತಿಸುತ್ತದೆ. ಅವನ ತಿಳುವಳಿಕೆಯಲ್ಲಿ ತಪ್ಪಿದ್ದರೆ, ಆ ತಪ್ಪು ತಂತ್ರಾಂಶಕ್ಕೆ ಬದಲು ಚಿಪ್ಪಿನಲ್ಲಿ ನೆಲಸುತ್ತದೆ, ಅಷ್ಟೆ.

ಹಾಗಾದರೆ ಗ್ರಾಹ್ಯವಾದುದು ಯಾವುದು? ನನ್ನ ಅಭಿಪ್ರಾಯದಲ್ಲಿ ಅನುಕರಣವನ್ನು ಒಂದು ಸಂಪಾದಿತ ಆವೃತ್ತಿಯೆಂದು ಭಾವಿಸುವುದೇ ಯುಕ್ತ. ಸಂಪಾದಕನಿಂದ ನಾವು ನಿರೀಕ್ಷಿಸುವುದು ಪ್ರಾಮಾಣಿಕತೆ: ಯಾವ ಪ್ರತಿಯನ್ನು ಆಧರಿಸಿದೆ, ಎಲ್ಲಿ ಸಂದೇಹವಿದೆ, ಎಲ್ಲಿ ಊಹಿಸಿದೆ ಎಂಬುದನ್ನು ಅವನು ಹೇಳಬೇಕು. ಈ ದೃಷ್ಟಿಯಿಂದ 1997ರಲ್ಲಿ ನಿಕೋಲಾ ಸಾಲ್ಮೋರಿಯಾ ಆರಂಭಿಸಿದ ‘ಮೇಮ್’ ಎಂಬ ಅನುಕರಣ ಮೆಚ್ಚತಕ್ಕುದಾಗಿದೆ. ಯಂತ್ರಗಳ ನಡೆಯನ್ನು ದಾಖಲಿಸುವುದೇ ಅದು ಸಾರಿರುವ ಗುರಿ. ಆಟವಾಡಲು ಬರುವುದು ಆನುಷಂಗಿಕ. ಪ್ರತಿಯೊಂದು ಚಿಪ್ಪಿನ ಪ್ರತಿಯನ್ನೂ ಲೆಕ್ಕದ ಮುದ್ರೆಯಿಂದ ಗುರುತಿಸಿ, ಕೆಟ್ಟ ಪ್ರತಿಯನ್ನು ಕೆಟ್ಟದೆಂದೂ ದೊರೆಯದುದನ್ನು ದೊರೆತಿಲ್ಲವೆಂದೂ ಅದರಲ್ಲಿ ನಮೂದಿಸಿದೆ. ಚಿತ್ರವೋ ನಾದವೋ ಅಪೂರ್ಣವಾಗಿದ್ದರೆ ಆರಂಭದಲ್ಲಿಯೇ ಎಚ್ಚರಿಸುತ್ತದೆ. ಆಟದಂಗಡಿಯ ಗದ್ದಲವನ್ನಾಗಲಿ ಪೆಟ್ಟಿಗೆಯ ಸ್ಪರ್ಶವನ್ನಾಗಲಿ ಅದು ಕೊಡಲಾರದು ನಿಜ. ಆದರೂ ಕೊರತೆಯನ್ನು ಮುಚ್ಚಿಡದ ಪ್ರತಿಯು, ತಾನು ಪೂರ್ಣವೆಂದು ಹೇಳಿಕೊಳ್ಳುವ ಮೂಲಕ್ಕಿಂತ ಇತಿಹಾಸಕಾರನಿಗೆ ಹೆಚ್ಚು ಉಪಯುಕ್ತ.

ಈ ವಿಚಾರ ಕೇವಲ ಶಾಸ್ತ್ರಚರ್ಚೆಯಾಗಿ ಉಳಿದಿಲ್ಲ. ಅಮೆರಿಕದಲ್ಲಿ 2010ಕ್ಕೆ ಮೊದಲು ಪ್ರಕಟವಾದ ಆಟಗಳಲ್ಲಿ ನೂರಕ್ಕೆ 87ರಷ್ಟು ಇಂದು ಮಾರುಕಟ್ಟೆಯಲ್ಲಿ ದೊರೆಯುವುದಿಲ್ಲವೆಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರ ಅಧ್ಯಯನದಲ್ಲಿ ತೋರಿಸಿತು. ಸೋನಿ ಮತ್ತು ಕನೆಕ್ಟಿಕ್ಸ್ ಸಂಸ್ಥೆಗಳ ನಡುವಣ ವ್ಯಾಜ್ಯದಲ್ಲಿ 2000ದಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯವು ಅನುಕರಣವನ್ನು ರಚಿಸುವವನ ಪಕ್ಷವನ್ನು ಎತ್ತಿಹಿಡಿದಿದೆ. ಆದರೆ ಗ್ರಂಥಾಲಯಗಳು ತಮ್ಮಲ್ಲಿರುವ ಹಳೆಯ ಆಟಗಳನ್ನು ದೂರದ ಸಂಶೋಧಕರಿಗೂ ಒದಗಿಸಲು ಕೋರಿದ ವಿನಾಯಿತಿಯನ್ನು ಅಲ್ಲಿಯ ಕೃತಿಸ್ವಾಮ್ಯ ಕಚೇರಿ 2024ರ ಅಕ್ಟೋಬರಿನಲ್ಲಿ ನಿರಾಕರಿಸಿತು. ಓದುವ ದೀಪ ಕೈಯಲ್ಲಿದ್ದರೂ ಗ್ರಂಥಭಂಡಾರದ ಬಾಗಿಲು ಮುಚ್ಚಿದಂತಾಗಿದೆ. ಮೂಲಯಂತ್ರಗಳು ದಿನೇ ದಿನೇ ಕೆಡುತ್ತಿರುವಾಗ ಈ ವಿಳಂಬದ ಬೆಲೆಯನ್ನು ಮುಂದಿನ ಸಂಶೋಧಕರು ತೆರಬೇಕಾಗುತ್ತದೆ.

ಈ ಕ್ಷೇತ್ರದಲ್ಲಿ ಕೆಲಸಮಾಡುವ ವಿದ್ಯಾರ್ಥಿಗಳು ಪಾಲಿಸಬೇಕಾದ ನಿಯಮಗಳು ಕೆಲವೇ. ತಾವು ನೋಡಿದುದು ಯಾವ ಯಂತ್ರದಲ್ಲಿ, ಯಾವ ಅನುಕರಣದ ಯಾವ ಆವೃತ್ತಿಯಲ್ಲಿ, ಯಾವ ಪ್ರತಿಯಿಂದ ಎಂಬುದನ್ನು ಬರೆಹದಲ್ಲಿ ಸೂಚಿಸಬೇಕು. ಕ್ರಮವಿಧಿಯ ರಚನೆಯನ್ನು ಕುರಿತ ಪ್ರಶ್ನೆಗೆ ಒಳ್ಳೆಯ ಅನುಕರಣ ಸಾಕು. ಕಣ್ಣು ಕಿವಿಗಳ ಅನುಭವವನ್ನು ಕುರಿತ ಪ್ರಶ್ನೆಗೆ ಹಳೆಯ ಪರದೆಯೊಡನೆ ಮೂಲಯಂತ್ರವನ್ನೂ ನೋಡುವುದು ಅಗತ್ಯ. ಟೇಪಿನಿಂದ ಆಟ ಬರುವವರೆಗೆ ನಿಮಿಷಗಟ್ಟಲೆ ಕಾದುದು, ಪತ್ರಿಕೆಯಲ್ಲಿ ಅಚ್ಚಾದ ಕ್ರಮವಿಧಿಯನ್ನು ಬೆರಳು ನೋಯುವಂತೆ ಕೀಲಿಸಿದುದು, ಮನೆಯ ಒಂದೇ ದೂರದರ್ಶನಕ್ಕಾಗಿ ಹಿರಿಯರೊಡನೆ ಜಗಳವಾಡಿದುದು ಯಾವ ಯಂತ್ರದಲ್ಲಿಯೂ ಉಳಿಯುವುದಿಲ್ಲ. ಅವು ಬಳಸಿದವರ ನೆನಪಿನಲ್ಲಿ ಮಾತ್ರ ಇವೆ. ನಮ್ಮ ಶಾಲೆಗಳಲ್ಲಿ ಬಿಬಿಸಿ ಮೈಕ್ರೊವಿನ ಮೇಲೆ ಕಲಿಸಿದ ಅಧ್ಯಾಪಕರು ಈಗ ವೃದ್ಧರಾಗಿದ್ದಾರೆ. ಕೆಟ್ಟ ಚಿಪ್ಪಿಗೆ ಬದಲಿ ದೊರೆಯಬಹುದು, ಅವರ ಮಾತಿಗೆ ದೊರೆಯದು. ಅದನ್ನು ಕೇಳಿ ಬರೆದಿಡುವ ಕೆಲಸಕ್ಕೆ ನಮ್ಮ ಕಾಲೇಜುಗಳ ಇತಿಹಾಸ ವಿಭಾಗಗಳು ಈಗಲೇ ಕೈಹಾಕುವುದು ಉಚಿತ.