ವಾಗ್ಗೇಯಕಾರನೂ ಕಿರುತೆರೆಯೂ: ಶ್ರೀ ಹಂಸಲೇಖರ ಸಾಧನೆಯನ್ನು ಕುರಿತು

ಹದಿಮೂರನೆಯ ಶತಮಾನದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದಲ್ಲಿ ಹಾಡಿನ ನುಡಿಗೆ ‘ಮಾತು’ ಎಂದೂ ಅದರ ಸ್ವರರಚನೆಗೆ ‘ಧಾತು’ ಎಂದೂ ಹೆಸರಿಟ್ಟು, ಎರಡನ್ನೂ ತಾನೇ ಕಟ್ಟಬಲ್ಲವನನ್ನು ವಾಗ್ಗೇಯಕಾರನೆಂದು ಕರೆದಿರುವನು. ಅನ್ಯರ ಧಾತುವಿಗೆ ಮಾತನ್ನು ಹೊಂದಿಸಿಕೊಡುವವನಿಗೆ ‘ಕುಟ್ಟಿಕಾರ’ನೆಂಬ ಬೇರೆ ಹೆಸರುಂಟು. ಈ ಭೇದವು ಏಳು ನೂರು ವರ್ಷಗಳ ಹಿಂದಿನದಾದರೂ ನಮ್ಮ ಕಾಲದ ಸಿನಿಮಾ ಹಾಡನ್ನು ಅಳೆಯುವುದಕ್ಕೆ ಇದಕ್ಕಿಂತ ತಕ್ಕ ಅಳತೆಗೋಲು ದೊರೆಯಲಾರದು. ಸಿನಿಮಾದಲ್ಲಿ ಸಾಧಾರಣವಾಗಿ ಒಬ್ಬನು ಮಟ್ಟನ್ನು ಹಾಕುವನು, ಮತ್ತೊಬ್ಬನು ಆ ಮಟ್ಟಿನ ಅಚ್ಚಿಗೆ ಮಾತನ್ನು ಎರೆಯುವನು, ಮೂರನೆಯವನು ಹಾಡುವನು, ತೆರೆಯ ಮೇಲೆ ತುಟಿಯಾಡಿಸುವವನು ನಾಲ್ಕನೆಯವನು. ಕನ್ನಡದಲ್ಲಿ ಮೊದಲೆರಡು ಕೆಲಸಗಳನ್ನು ಒಂದೇ ಕೈಗೆ ತಂದು, 300ಕ್ಕೂ ಹೆಚ್ಚು ಚಿತ್ರಗಳ ವಿಸ್ತಾರದಲ್ಲಿ ಅದನ್ನು ನಡೆಸಿ ತೋರಿಸಿದವರು ಶ್ರೀ ಹಂಸಲೇಖರು. ಅಂಥವರು ತಮ್ಮ ಅರುವತ್ತರ ಪ್ರಾಯವನ್ನು ದಾಟಿದ ಮೇಲೆ ಕಿರುತೆರೆಯ ಪೀಠವನ್ನೇರಿದುದರಿಂದ ಹಾಡಿಗೆ ಲಾಭವಾಯಿತೇ ನಷ್ಟವಾಯಿತೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

1951ರಲ್ಲಿ ಹುಟ್ಟಿದ ಗಂಗರಾಜು ಎಂಬುವರು ಹಂಸಲೇಖರೆಂಬ ಕಾವ್ಯನಾಮದಿಂದ ನಾಡಿಗೆ ಪರಿಚಿತರಾದರು. 1973ರ ‘ತ್ರಿವೇಣಿ’ ಚಿತ್ರಕ್ಕೆ ಗೀತೆ ಬರೆದು ಚಿತ್ರರಂಗವನ್ನು ಹೊಕ್ಕರೂ, ಅವರ ಹೆಸರು ಮನೆಮನೆಗೆ ತಲುಪಿದುದು 1987ರಲ್ಲಿ, ಶ್ರೀ ರವಿಚಂದ್ರನ್ನರ ‘ಪ್ರೇಮಲೋಕ’ದಿಂದ. ಆ ಚಿತ್ರದಲ್ಲಿ ಹಾಡು ಕಥೆಯ ನಡುವಣ ವಿಶ್ರಾಂತಿಯಲ್ಲ. ಕಥೆಯೇ ಹಾಡಾಗಿ ನಡೆಯುವುದು. ಕಾಲೇಜು ಹುಡುಗರ ಕೆಣಕು ಮಾತು, ಹುಡುಗಿಯ ಮರುಮಾತು, ಜಗಳ, ರಾಜಿ, ಎಲ್ಲವೂ ತಾಳಕ್ಕೆ ಬಿದ್ದಿವೆ. ಅದುವರೆಗೆ ಚಿತ್ರಗೀತೆಯಲ್ಲಿ ಚಂದ್ರ, ತಾವರೆ, ಕೋಗಿಲೆಗಳ ಸಂಸ್ಕೃತಭೂಯಿಷ್ಠವಾದ ಪದಸಂಪತ್ತಿಗೆ ಒಗ್ಗಿದ್ದ ಕಿವಿಗೆ ಬೀದಿಯ ಮಾತು, ಬಸ್ಸು ನಿಲ್ದಾಣದ ಮಾತು, ಅರೆ ಇಂಗ್ಲಿಷಿನ ಮಾತು ಏಕಕಾಲದಲ್ಲಿ ಕೇಳಿಸಿತು. ಇದನ್ನು ಭಾಷೆಯ ಮೈಲಿಗೆಯೆಂದು ಹಳಿದವರೂ ಉಂಟು. ಆದರೆ ಆ ಮಾತುಗಳು ಮಟ್ಟಿನ ಮೇಲೆ ಹೊರಗಿನಿಂದ ಅಂಟಿಸಿದವಲ್ಲ. ಆಡುಮಾತಿನ ಏರಿಳಿತದಿಂದಲೇ ಮಟ್ಟು ಹುಟ್ಟಿದೆ. ಒಬ್ಬನೇ ಮಾತುಕಾರನೂ ಧಾತುಕಾರನೂ ಆದುದರ ಫಲವಿದು. ಕುಟ್ಟಿಕಾರನು ಎಷ್ಟೇ ಜಾಣನಾದರೂ ಮಟ್ಟಿಗೆ ಮಾತನ್ನು ಬಾಗಿಸುವನಲ್ಲದೆ ಮಾತಿಗಾಗಿ ಮಟ್ಟನ್ನು ಬಾಗಿಸಲಾರನು.

ಹಂಸಲೇಖರ ಶಕ್ತಿಯು ಹುಡುಗಾಟದ ಹಾಡುಗಳಲ್ಲಿಯೇ ಮುಗಿಯುವುದೆಂದು ಬಗೆದವರಿಗೆ ಮುಂದಿನ ಹತ್ತು ವರ್ಷಗಳೇ ಉತ್ತರ ಹೇಳಿದುವು. 1993ರ ‘ಆಕಸ್ಮಿಕ’ದಲ್ಲಿ ಡಾ. ರಾಜಕುಮಾರರು ಹಾಡಿದ ನಾಡಗೀತೆಯಂಥ ಹಾಡೊಂದುಂಟು. 1943ರಲ್ಲಿ ಬೆಳಕು ಕಂಡ ಡಿ.ವಿ.ಜಿ. ಅವರ ‘ಮಂಕುತಿಮ್ಮನ ಕಗ್ಗ’ದಲ್ಲಿ ಬಾಳು ಜಟಕಾಗಾಡಿಯಾಗಿ ವಿಧಿಯು ಅದನ್ನು ಓಡಿಸುವ ಚಿತ್ರವನ್ನು ವಾಚಕರು ಬಲ್ಲರು. ಓದುಬಲ್ಲವರ ಮನೆಯ ಕಪಾಟಿನಲ್ಲಿದ್ದ ಆ ಚಿತ್ರವನ್ನು ಹಂಸಲೇಖರು ಎತ್ತಿ ಗಾಡಿಯ ಗತಿಯಲ್ಲಿಯೇ ಓಡುವ ಲಯಕ್ಕೆ ಕಟ್ಟಿದರು. ಓದುಬಾರದವನ ಬಾಯಲ್ಲಿಯೂ ಅದು ನಿಂತಿತು. ಇನ್ನು 1995ರ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರದಲ್ಲಿ ಗದಗಿನ ಅಂಧ ಗಾಯಕರ ಜೀವನಕ್ಕೆ ಹಿಂದುಸ್ತಾನೀ ಪದ್ಧತಿಯ ಸಂಗೀತವನ್ನು ಅಳವಡಿಸಿ ರಾಷ್ಟ್ರಪ್ರಶಸ್ತಿಯನ್ನು ಪಡೆದರು. ಅದೇ ಚಿತ್ರದ ಗಾನಕ್ಕಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಸಂದಿತು.

ಇಷ್ಟು ಗುಣವನ್ನು ಹೇಳಿದ ಮೇಲೆ ದೋಷವನ್ನು ಮುಚ್ಚಿಡುವುದು ವಿಮರ್ಶೆಯ ಧರ್ಮವಲ್ಲ. ಶ್ಲೇಷೆಯ ಮೋಹ, ಪ್ರಾಸದ ಹಟ, ಒಂದು ಪದ ಸಿಕ್ಕಿತೆಂದು ಅದನ್ನು ತಿರುತಿರುಗಿಸಿ ಹಿಂಡುವ ಚಪಲ, ಇವು ಅವರ ಅನೇಕ ಹಾಡುಗಳನ್ನು ಕೆಡಿಸಿವೆ. ಮುನ್ನೂರು ಚಿತ್ರಗಳಿಗೆ ಬರೆದ ಕೈಯಲ್ಲಿ ಎಲ್ಲವೂ ಚಿನ್ನವಾಗಿರಬೇಕೆಂದು ಕೇಳುವುದು ನ್ಯಾಯವಲ್ಲ. ಆದರೂ ಜೊಳ್ಳು ಜೊಳ್ಳೇ.

ಈಗ ಕಿರುತೆರೆಯ ಮಾತು. ಹಿಂದಿಯಲ್ಲಿ 1995ರಲ್ಲಿ ಆರಂಭವಾದ ‘ಸರಿಗಮ’ ಸ್ಪರ್ಧೆಯ ವಂಶಕ್ಕೆ ಸೇರಿದುದು ಜೀ ಕನ್ನಡ ವಾಹಿನಿಯ ‘ಸರಿಗಮಪ’. ಶ್ರೀ ವಿಜಯ ಪ್ರಕಾಶ್, ಶ್ರೀ ರಾಜೇಶ್ ಕೃಷ್ಣನ್, ಶ್ರೀ ಅರ್ಜುನ್ ಜನ್ಯ ಮೊದಲಾದವರು ತೀರ್ಪುಗಾರರಾಗಿದ್ದ ಆವೃತ್ತಿಗಳಲ್ಲಿ ಹಂಸಲೇಖರು ‘ಮಹಾಗುರು’ವಾಗಿ ಕುಳಿತರು. ವಾರಾಂತ್ಯದ ರಾತ್ರಿಗಳಲ್ಲಿ ಸಿಂಗಾಪುರ, ಯಲಹಂಕ, ಹೆಬ್ಬಾಳಗಳ ಹೊಸ ಬಡಾವಣೆಯ ಮನೆಗಳಲ್ಲಿಯೂ, ದೂರದ ಹಾವೇರಿ ಜಿಲ್ಲೆಯ ತಾಂಡಾಗಳಲ್ಲಿಯೂ ಅಜ್ಜಿಯಿಂದ ಮೊಮ್ಮಗುವಿನ ತನಕ ಒಂದೇ ಹಾಡನ್ನು ಕೇಳುವ ಸಂದರ್ಭವನ್ನು ಇಂಥ ಕಾರ್ಯಕ್ರಮವಲ್ಲದೆ ಬೇರಾವುದೂ ಒದಗಿಸಲಿಲ್ಲ. ಆ ಪೀಠದಿಂದ ಹಂಸಲೇಖರು ಬರಿಯ ಅಂಕವನ್ನು ಹಂಚಲಿಲ್ಲ. ಹಾಡೊಂದು ಹುಟ್ಟಿದ ಸಂದರ್ಭ, ಮಾತು ಹೊಳೆದ ಬಗೆ, ಸ್ವರವು ಅದಕ್ಕೆ ಒಲಿದ ರೀತಿ, ಇವನ್ನು ಕಥೆಯಾಗಿ ಹೇಳಿದರು. ಹಾಡೆಂಬುದು ಯಾರೋ ಕುಳಿತು ಕಟ್ಟಿದ ವಸ್ತುವೆಂಬ ಅರಿವು ಕೇಳುಗರಲ್ಲಿ ಮೂಡಿದ್ದರೆ ಅದರಲ್ಲಿ ಅವರ ಪಾಲು ದೊಡ್ಡದು.

ಆ ವೇದಿಕೆಯ ಪುಣ್ಯಕ್ಕೆ ಒಂದು ನಿದರ್ಶನ ಸಾಕು. 2018ರಲ್ಲಿ ಆರಂಭವಾದ ಹದಿನೈದನೆಯ ಆವೃತ್ತಿಯಲ್ಲಿ ಹಾವೇರಿ ಜಿಲ್ಲೆಯ ಕುರಿಗಾಹಿ ಯುವಕ ಹನುಮಂತನು ಜಾನಪದವನ್ನೂ ತತ್ತ್ವಪದವನ್ನೂ ಹಾಡಿ ಎರಡನೆಯ ಸ್ಥಾನವನ್ನು ಪಡೆದನು. ಸಂಗೀತಶಾಲೆಯ ಮೆಟ್ಟಿಲನ್ನು ತುಳಿಯದ ಕಂಠಕ್ಕೆ ಸಭೆಯ ಬಾಗಿಲು ತೆರೆಯಿತು. ಹಳೆಯ ಕಾಲದಲ್ಲಿ ಇಂಥ ಕಂಠವು ಜಾತ್ರೆಯಲ್ಲಿ ಹುಟ್ಟಿ ಜಾತ್ರೆಯಲ್ಲಿಯೇ ಅಡಗುತ್ತಿತ್ತು.

ಆದರೆ ಇದೇ ಸ್ಥಳದಲ್ಲಿ ಕೊರತೆಯೂ ಕಾಣುವುದು. ಸ್ಪರ್ಧೆಯ ನಿಯಮವೇನು? ಮೊದಲೇ ಪ್ರಸಿದ್ಧವಾದ ಹಾಡನ್ನು ಹಾಡಬೇಕು, ಧ್ವನಿಮುದ್ರಿಕೆಯಲ್ಲಿ ಕೇಳಿದ ಗಮಕವೇ ಬರಬೇಕು, ಬಂದರೆ ಚಪ್ಪಾಳೆ. ಎಂದರೆ ಮೂರನೆಯವನಾದ ಗಾಯಕನಿಗೆ ಮಾತ್ರ ಅಲ್ಲಿ ಪರೀಕ್ಷೆ. ಮಾತುಕಾರ ಧಾತುಕಾರರಿಗೆ ಅಲ್ಲಿ ಪ್ರವೇಶವಿಲ್ಲ. ನಾಡಿನ ಶ್ರೇಷ್ಠ ವಾಗ್ಗೇಯಕಾರರಲ್ಲೊಬ್ಬರನ್ನು ಎತ್ತರದ ಪೀಠದಲ್ಲಿ ಕುಳ್ಳಿರಿಸಿ, ವಾಗ್ಗೇಯಕಾರನನ್ನು ಹುಡುಕದ ಪಂದ್ಯವನ್ನು ಅವರ ಮುಂದೆ ನಡೆಸಿದುದು ವಿಚಿತ್ರವಲ್ಲವೇ? ಮೂವತ್ತು ವರ್ಷದ ಹಿಂದಿನ ತಮ್ಮ ಹಾಡನ್ನೇ ಎಳೆಯ ಕಂಠದಲ್ಲಿ ಕೇಳಿ ಕಣ್ಣು ತೇವವಾಗುವುದು ಸಹಜ. ಆದರೆ ಆ ಹೊತ್ತಿನಲ್ಲಿ ಹೊಸ ಹಾಡು ಹುಟ್ಟಲಿಲ್ಲ. ಗುರುವೆನಿಸಿದವರಿಂದ ಶಿಷ್ಯರಿಗೆ ದೊರೆತುದು ನೆನಪಿನ ಭಂಡಾರ. ದೊರೆಯದಿದ್ದುದು ಕಟ್ಟುವ ವಿದ್ಯೆ.

ಕಿರುತೆರೆಯ ಸ್ವಭಾವವೇ ಹೀಗೆಂದು ಕೈಚೆಲ್ಲುವುದಕ್ಕೂ ಕಾರಣವಿಲ್ಲ. ತರುಣ ಪೀಳಿಗೆಯ ಇಬ್ಬರು ವಾಗ್ಗೇಯಕಾರರು ‘ಬಿಗ್ ಬಾಸ್’ ಎಂಬ ಬೇರೆಯೇ ಬಗೆಯ ಕಾರ್ಯಕ್ರಮವನ್ನು ಹೊಕ್ಕರು. ಶ್ರೀ ಚಂದನ್ ಶೆಟ್ಟಿಯವರು ಅದರ ಐದನೆಯ ಆವೃತ್ತಿಯನ್ನು 2018ರ ಜನವರಿಯಲ್ಲಿ ಗೆದ್ದರು. ‘ರಾಮಾ ರಾಮಾ ರೇ’ ಮತ್ತು ‘ಸರ್ಕಾರಿ ಹಿ.ಪ್ರಾ. ಶಾಲೆ ಕಾಸರಗೋಡು’ ಚಿತ್ರಗಳ ಸಂಗೀತದಿಂದ ಹೆಸರಾಗಿದ್ದ ಶ್ರೀ ವಾಸುಕಿ ವೈಭವರು ಏಳನೆಯ ಆವೃತ್ತಿಯ ಮನೆಯೊಳಗೆ ಕುಳಿತೇ ಹಾಡು ಕಟ್ಟಿ ಹಾಡಿದರು. ಅದು ಮನೆಯ ಗೋಡೆಯನ್ನು ದಾಟಿ ಜನರ ಬಾಯಿಗೆ ಬಂದಿತು. ಜಗಳವನ್ನೇ ಬಂಡವಾಳವಾಗಿ ಉಳ್ಳ ಕಾರ್ಯಕ್ರಮದಲ್ಲಿ ಹೊಸ ಹಾಡು ಹುಟ್ಟುವುದಾದರೆ, ಹಾಡಿಗಾಗಿಯೇ ಮೀಸಲಾದ ವೇದಿಕೆಯಲ್ಲಿ ಅದು ಹುಟ್ಟಬಾರದೇಕೆ?

2023ರ ಮೈಸೂರು ದಸರೆಯನ್ನು ಉದ್ಘಾಟಿಸುವ ಗೌರವವು ಹಂಸಲೇಖರಿಗೆ ಒದಗಿದಾಗ, ಸಿನಿಮಾ ಹಾಡು ಕಟ್ಟುವವನೂ ನಾಡಿನ ಕವಿಗಳ ಸಾಲಿಗೆ ಸಲ್ಲುವನೆಂಬುದನ್ನು ರಾಜ್ಯವೇ ಒಪ್ಪಿದಂತಾಯಿತು. ಆ ಗೌರವಕ್ಕೆ ಆಧಾರವಾದುದು ಅವರು ಕಟ್ಟಿದ ಹಾಡೇ ಹೊರತು ಕೊಟ್ಟ ತೀರ್ಪಲ್ಲ. ಕಿರುತೆರೆಯು ಅವರ ಮುಖವನ್ನು ಮನೆಮನೆಗೆ ತಂದಿತು. ಅವರ ವಿದ್ಯೆಯನ್ನು ತರುವ ಕೆಲಸ ಉಳಿದಿದೆ. ಒಂದು ಆವೃತ್ತಿಯಲ್ಲಾದರೂ ಸ್ಪರ್ಧಿಗಳು ಸ್ವಂತ ಮಾತಿಗೆ ಸ್ವಂತ ಮಟ್ಟನ್ನು ಕಟ್ಟಿ ತರಲಿ, ಹಿರಿಯರು ಅದನ್ನು ತಿದ್ದಲಿ. ಅಂಥ ತಿದ್ದುಪಡಿಯನ್ನು ಕಣ್ಣಾರೆ ಕಂಡ ಮಕ್ಕಳಲ್ಲಿ ಒಬ್ಬನಾದರೂ ಶಾರ್ಙ್ಗದೇವನು ಮೆಚ್ಚುವ ಹೆಸರಿಗೆ ಪಾತ್ರನಾದರೆ ಆ ಮಹಾಗುರುಪೀಠವು ಸಾರ್ಥಕವಾಗುವುದು.